ಗಾಳಿ ನುಡಿಸುವ ಶಿಲ್ಪ: ಬಿದಿರು, ಬುರುಡೆ, ಕಲ್ಲಿನಲ್ಲಿ ಏನೇನು ಮಾಡಬಹುದು?

ಪ್ರಶ್ನೆ: ನಾನು ಮುಂಡರಗಿ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಾಲೆಯ ಹಿಂದೆ ದೊಡ್ಡ ಬಯಲಿದೆ. ಅಲ್ಲಿಂದ ಕಪ್ಪತಗುಡ್ಡದ ಗಾಳಿಯಂತ್ರಗಳು ಕಾಣುತ್ತವೆ. ಗಾಳಿಗೆ ತಾನೇ ನುಡಿಯುವ ಶಿಲ್ಪಗಳನ್ನು ಮಕ್ಕಳ ಕೈಯಲ್ಲೇ ಮಾಡಿಸಬೇಕು ಅಂತ ಆಸೆ. ಕಬ್ಬಿಣ, ಪ್ಲಾಸ್ಟಿಕ್ ಬೇಡ. ಬಿದಿರು, ಸೋರೆ ಬುರುಡೆ, ಕಲ್ಲು, ನಾರು ಇಷ್ಟರಲ್ಲೇ ಆಗಬೇಕು. ಹೋದ ವರ್ಷ ಎಂಟು ಬಿದಿರಿನ ತುಂಡುಗಳನ್ನು ಬೇವಿನ ಮರಕ್ಕೆ ಸಾಲಾಗಿ ಕಟ್ಟಿದೆವು. ಸಣ್ಣ ಗಾಳಿಗೆ ಅಲುಗಲಿಲ್ಲ. ಜೋರು ಗಾಳಿಗೆ ಬರೀ ಟಕಟಕ ಅಂದವು. ಬೇಸಿಗೆಯಲ್ಲಿ ಎರಡು ಸೀಳಿ ಹೋದವು. ಎಲ್ಲಿ ತಪ್ಪಿತು? ಇದರಿಂದ ಸಂಗೀತ ಬರುತ್ತದಾ, ಇಲ್ಲ ಬರೀ ಸದ್ದಾ? ರಾತ್ರಿ ಅಕ್ಕಪಕ್ಕದ ಮನೆಯವರಿಗೆ ತೊಂದರೆ ಆಗುತ್ತದಾ?

ಉತ್ತರ: ಟೀಚರ್, ನಿಮ್ಮ ಬಿದಿರಿನಲ್ಲಿ ದೋಷ ಕಡಿಮೆ. ನೀವು ಗಾಳಿಗೆ ಕೊಟ್ಟ ಕೆಲಸ ಭಾರವಾಯಿತು. ಈ ಕೆಲಸಕ್ಕೆ ಕೈ ಹಾಕುವವರು ಬಹಳಷ್ಟು ಜನ ಮೊದಲೇ ಸ್ವರದ ಲೆಕ್ಕಕ್ಕೆ ಕೂರುತ್ತಾರೆ. ಗಾಳಿಗೆ ಎಷ್ಟು ಕಸುವಿದೆ ಅಂತ ನೋಡುವುದೇ ಇಲ್ಲ. ಅದು ನಾವು ಅಂದುಕೊಂಡದ್ದಕ್ಕಿಂತ ತೀರಾ ಕಡಿಮೆ.

ಒಂದು ಲೆಕ್ಕ ನೋಡಿ. ನೋಟ್‌ಬುಕ್ಕಿನಷ್ಟು ದೊಡ್ಡ ರಟ್ಟು ತೊಗೊಳ್ಳಿ. 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದ. ಅದನ್ನು ಗಾಳಿಗೆ ಅಡ್ಡ ಹಿಡಿಯಿರಿ. ಎಲೆ ಸರಸರ ಅನ್ನುವ ಗಾಳಿ ಅಂದರೆ ಸೆಕೆಂಡಿಗೆ ಸುಮಾರು 3 ಮೀಟರ್ ವೇಗ. ಆ ಗಾಳಿ ರಟ್ಟನ್ನು ತಳ್ಳುವುದು ಹೆಚ್ಚುಕಡಿಮೆ 18 ಗ್ರಾಂ ತೂಕದಷ್ಟು ಬಲದಿಂದ. ಧೂಳು, ಹಾಳೆ ಮೇಲೇಳುವ ಗಾಳಿ 6 ಮೀಟರ್ ವೇಗದ್ದು. ಆಗ ತಳ್ಳುವ ಬಲ 70 ಗ್ರಾಂ ಆಗುತ್ತದೆ. ಸಣ್ಣ ಗಿಡಗಳು ಪೂರ್ತಿ ಬಾಗಾಡುವ 10 ಮೀಟರ್ ಗಾಳಿಗೆ 200 ಗ್ರಾಂ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ನಿಮ್ಮ ಎರಡೂ ತೊಂದರೆಗೆ ಕಾರಣ ಇಲ್ಲೇ ಇದೆ. ಮೆಲುಗಾಳಿಯ 18 ಗ್ರಾಂ ಬಲಕ್ಕೆ ಬಿದಿರಿನ ತುಂಡು ಜಗ್ಗುವುದಿಲ್ಲ. ಅದರಲ್ಲೂ ಬಿದಿರು ದುಂಡಗಿದೆ, ಗಾಳಿ ಅದರ ಎರಡೂ ಬದಿಗೆ ಜಾರಿ ಹೋಗುತ್ತದೆ. ಜೋರು ಗಾಳಿ ಬಂದಾಗ ಹೊಡೆತ ಹನ್ನೊಂದು ಪಟ್ಟು ಏರುತ್ತದೆ. ಆಗ ತುಂಡುಗಳು ಒಂದಕ್ಕೊಂದು ಅಪ್ಪಳಿಸುತ್ತವೆ.

ಹಾಗಾಗಿ ಕೆಲಸ ಹಂಚಿ. ಗಾಳಿ ಹಿಡಿಯುವುದು ಒಂದು, ಬಡಿಯುವುದು ಇನ್ನೊಂದು, ನುಡಿಯುವುದು ಮತ್ತೊಂದು. ನುಡಿಯುವ ಬಿದಿರು ಹೆಚ್ಚುಕಡಿಮೆ ಅಲುಗದೆ ತೂಗಿರಲಿ. ನಡುವೆ ಒಂದು ಹಗುರ ಬಡಿಗೆ ಇಳಿಬಿಡಿ. ಅದರ ಹುರಿಯನ್ನು ಇನ್ನೂ ಕೆಳಗೆ ಎಳೆದು ತುದಿಗೆ ಅಗಲವಾದ ಪಟ ಕಟ್ಟಿ. ಗಾಳಿ ಪಟವನ್ನು ತಳ್ಳುತ್ತದೆ, ಪಟ ಬಡಿಗೆಯನ್ನು ಎಳೆಯುತ್ತದೆ, ಬಡಿಗೆ ಬಿದಿರನ್ನು ತಟ್ಟುತ್ತದೆ. ಪಟಕ್ಕೆ ಅಡಿಕೆ ಹಾಳೆ ಬಹಳ ಚಲೋ. ಹಗುರ, ಗಟ್ಟಿ, ಹಾನಗಲ್ಲ ಕಡೆಯ ತೋಟಗಳಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ಅದು ಸಿಗದಿದ್ದರೆ ಮೇದಾರರ ಹತ್ತಿರ ಮೊರದ ಹೆಣಿಗೆಯ ಸಣ್ಣ ತಟ್ಟೆ ಹೆಣೆಸಿಕೊಳ್ಳಿ. ಬಡಿಗೆಗೆ ತೆಂಗಿನ ಪರಟಿ ಅಥವಾ ಹಗುರ ಕಟ್ಟಿಗೆಯ ಬಿಲ್ಲೆ ಸಾಕು. ಗಟ್ಟಿ ಬಡಿಗೆ ಹಾಕಿದರೆ ನಾದ ಚುರುಕಾಗುತ್ತದೆ. ಅದಕ್ಕೆ ಹಳೆಯ ಅರಿವೆ ಸುತ್ತಿದರೆ ಮೆತ್ತಗಾಗುತ್ತದೆ. ಎರಡನ್ನೂ ಮಕ್ಕಳಿಗೆ ಕೇಳಿಸಿ, ಅವರೇ ಆರಿಸಲಿ.

ಇನ್ನು ಟಕಟಕ ಯಾಕೆ ಬಂತು ಅನ್ನುವುದು. ನೀವು ತುದಿಗೆ ತೂತು ಹೊಡೆದು ಕಟ್ಟಿರಬೇಕು. ಬಹುತೇಕ ಎಲ್ಲರೂ ಹಾಗೇ ಕಟ್ಟುತ್ತಾರೆ. ಬಿದಿರಿನ ನಡುವೆ ತಟ್ಟಿದಾಗ ನಡುವೂ ಎರಡೂ ತುದಿಗಳೂ ಜೋರಾಗಿ ಅದುರುತ್ತವೆ. ಅದುರದೆ ಇರುವ ಜಾಗ ಎರಡೇ. ಅವು ಪ್ರತಿ ತುದಿಯಿಂದ ಒಟ್ಟು ಉದ್ದದ ಶೇಕಡಾ 22.4ರಷ್ಟು ಒಳಗಿರುತ್ತವೆ. 60 ಸೆಂಟಿಮೀಟರ್ ತುಂಡಿಗೆ ತುದಿಯಿಂದ ಸುಮಾರು 13 ಸೆಂಟಿಮೀಟರ್. ಅಲ್ಲಿ ಹುರಿ ಹಾಕಿದರೆ ನಾದ ಉಳಿಯುತ್ತದೆ. ತುದಿಗೆ ಕಟ್ಟಿದರೆ ಅದುರಾಟವನ್ನೆಲ್ಲ ಹುರಿಯೇ ನುಂಗಿಬಿಡುತ್ತದೆ. ಇದನ್ನು ತರಗತಿಯಲ್ಲೇ ತೋರಿಸಬಹುದು. ಎರಡು ಹಗ್ಗದ ಮೇಲೆ ಬಿದಿರು ಇಟ್ಟು ತಟ್ಟುತ್ತಾ ಹಗ್ಗಗಳನ್ನು ಹಿಂದೆ ಮುಂದೆ ಸರಿಸಿ. ಒಂದು ಕಡೆ ಬಂದಾಗ ನಾದ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಲೆಕ್ಕ ಹೇಳುವ ಮೊದಲೇ ಮಕ್ಕಳು ಅದನ್ನು ಕಿವಿಯಿಂದ ಹುಡುಕುತ್ತಾರೆ. ಈ ಪಾಠದಲ್ಲಿ ನನಗೆ ಬಹಳ ಇಷ್ಟದ ಗಳಿಗೆ ಅದು.

ಹಸಿ ಬಿದಿರು ನುಡಿಯುವುದಿಲ್ಲ. ನೆರಳಲ್ಲಿ ಒಂದೆರಡು ತಿಂಗಳು ಒಣಗಬೇಕು. ಬಿಸಿಲಲ್ಲಿ ಒಣಗಿಸಿದರೆ ಸೀಳುತ್ತದೆ.

ಈಗ ಸ್ವರಕ್ಕೆ ಬರೋಣ. ಗದುಗಿನ ಸೀಮೆಯ ಮಕ್ಕಳಿಗೆ ಸ್ವರ ಕಲಿಸಲು ಹೊರಗಿನವರು ಬೇಕಿಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಗದಗಿನಲ್ಲೇ ಇದೆ. ಭೀಮಸೇನ ಜೋಶಿ ಹುಟ್ಟಿದ ಜಿಲ್ಲೆ ಇದು. ಹಾರ್ಮೋನಿಯಂ ಬಲ್ಲವರು ಊರಿಗೊಬ್ಬರಾದರೂ ಸಿಗುತ್ತಾರೆ. ಅವರನ್ನು ಒಂದು ದಿನ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.

ನನ್ನ ಸಲಹೆ ಭೂಪ ರಾಗ. ಸಾ ರೇ ಗ ಪ ಧ, ಐದೇ ಸ್ವರ. ಗಾಳಿ ಯಾವ ಸ್ವರದ ಹಿಂದೆ ಯಾವುದನ್ನು ತಟ್ಟುತ್ತದೋ ಹೇಳಲು ಬರುವುದಿಲ್ಲ. ಭೂಪದಲ್ಲಿ ಮ ಇಲ್ಲ, ನಿ ಇಲ್ಲ. ಹಾಗಾಗಿ ಕಿವಿಗೆ ಚುಚ್ಚುವ ಅರ್ಧ ಸ್ವರದ ಅಂತರ ಎಲ್ಲೂ ಬರುವುದಿಲ್ಲ. ಎರಡು ಒಟ್ಟಿಗೆ ನುಡಿದರೂ ಜಗಳ ಆಡುವುದಿಲ್ಲ. ಉದ್ದದ ಲೆಕ್ಕ ಹೀಗೆ. ಒಂದೇ ದಪ್ಪದ ಬಿದಿರಿನಲ್ಲಿ 60 ಸೆಂಟಿಮೀಟರ್ ತುಂಡು ಸಾ ಅಂತ ಇಟ್ಟುಕೊಂಡರೆ ರೇಗೆ 56.6, ಗಕ್ಕೆ 53.7, ಪಕ್ಕೆ 49, ಧಕ್ಕೆ 46.5, ಮೇಲಿನ ಸಾಗೆ 42.4 ಸೆಂಟಿಮೀಟರ್. ಮೇಲಿನ ಸಾಗೆ ಅರ್ಧ ಉದ್ದ ಬರಬೇಕಲ್ವಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ತಂತಿಗೆ ಅದು ಸರಿ. ತಟ್ಟಿ ನುಡಿಸುವ ದಂಡಕ್ಕೆ ಉದ್ದದ ವರ್ಗದ ಲೆಕ್ಕ. ಅರ್ಧ ಮಾಡಿದರೆ ಒಂದಲ್ಲ, ಎರಡು ಸಪ್ತಕ ಮೇಲೆ ಹೋಗಿ ಕೂರುತ್ತದೆ.

ಆದರೆ ಈ ಅಳತೆ ಬರೀ ಮೊದಲ ಗುರುತು. ಬಿದಿರು ಗಿಣ್ಣಿನಿಂದ ಗಿಣ್ಣಿಗೆ ದಪ್ಪ ಬದಲಿಸುತ್ತದೆ. ಗುರುತಿಗಿಂತ ಎರಡು ಸೆಂಟಿಮೀಟರ್ ಉದ್ದಕ್ಕೇ ಕೊಯ್ಯಿರಿ. ಆಮೇಲೆ ತುದಿಯನ್ನು ಸ್ವಲ್ಪ ಸ್ವಲ್ಪ ಉಜ್ಜುತ್ತಾ ಸ್ವರ ಏರಿಸಿ. ಜಾಸ್ತಿ ಏರಿಬಿಟ್ಟರೆ ನಡುಭಾಗವನ್ನು ತುಸು ಹೆರೆಯಿರಿ, ಸ್ವರ ಇಳಿಯುತ್ತದೆ.

ಇದರಿಂದ ಸಂಗೀತ ಬರುತ್ತದಾ ಅಂತ ಕೇಳಿದ್ದೀರಿ. ರಾಗ ಬರುವುದಿಲ್ಲ. ರಾಗಕ್ಕೆ ನಡೆ ಬೇಕು, ನಿಲ್ಲುವ ಜಾಗ ಬೇಕು, ಎಲ್ಲಿಂದ ಎಲ್ಲಿಗೆ ಅನ್ನುವ ಅರಿವು ಬೇಕು. ಗಾಳಿಗೆ ಆರೋಹ ಅವರೋಹ ಗೊತ್ತಿಲ್ಲ. ಆದರೆ ಸ್ವರ ಸ್ವರವಾಗಿಯೇ ಇರುತ್ತದೆ. ನಡುನಡುವೆ ಮೌನವೂ ಇರುತ್ತದೆ. ಅಷ್ಟಿದ್ದರೆ ನನಗೆ ಅದು ಸಂಗೀತವೇ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಎಂಟು ತುಂಡು ಬೇಡ. ಮೂರು ಸಾಕು, ಹೆಚ್ಚೆಂದರೆ ಐದು. ಕೆಳಗಿನ ಸಾ, ಪ, ಮೇಲಿನ ಸಾ ಈ ಮೂರನ್ನೇ ದೂರ ದೂರ ಕಟ್ಟಿದ ಬಯಲಿನಲ್ಲಿ ಒಮ್ಮೆ ಕುಳಿತು ಕೇಳಿ. ಗಾಳಿ ಎಲ್ಲಿಂದ ಎಲ್ಲಿಗೆ ದಾಟುತ್ತಿದೆ ಅನ್ನುವುದು ಕಿವಿಗೇ ತಿಳಿಯುತ್ತದೆ. ಒಂದೇ ಕೊಂಬೆಗೆ ಹತ್ತು ತುಂಡು ಜಡಿದರೆ ಆ ಭಾಗ್ಯ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ಗಾಳಿ ತಟ್ಟಿ ನುಡಿಸುವ ಬಗೆ. ಗಾಳಿ ಮೀಟಿ, ಊದಿ ನುಡಿಸುವುದೂ ಇದೆ. ನಿಮ್ಮ ಬಯಲಿಗೆ ನಿಜವಾಗಿ ಒಗ್ಗುವುದು ಅದು ಅಂತ ನನ್ನ ನಂಬಿಕೆ. ಯಾಕೆ ಅಂದರೆ ನಿಮ್ಮಲ್ಲಿ ಮುಂಗಾರಿನಲ್ಲಿ, ಅದರಲ್ಲೂ ಆಷಾಢದಲ್ಲಿ, ಪಡುವಣ ಮತ್ತು ನೈಋತ್ಯದ ಕಡೆಯಿಂದ ಬಿಡುವಿಲ್ಲದೆ ಬೀಸುವ ಗಾಳಿ ಇದೆ. ತಟ್ಟುವ ಬಗೆಗೆ ಬಿಟ್ಟು ಬಿಟ್ಟು ಬರುವ ಗಾಳಿ ಬೇಕು. ಮೀಟುವ, ಊದುವ ಬಗೆಗೆ ಎಡೆಬಿಡದ ಗಾಳಿ ಬೇಕು.

ಇದರ ಉದಾಹರಣೆ ನಿಮ್ಮ ಮಕ್ಕಳ ಹೊಲದಲ್ಲೇ ಸಿಗುತ್ತದೆ. ಜೋಳ ಹಾಲುಗಾಳಾದಾಗ ಹಕ್ಕಿ ಬೆದರಿಸಲು ರೈತರು ಹಳೆಯ ಕ್ಯಾಸೆಟ್ಟಿನ ರೀಲನ್ನು ಗೂಟದಿಂದ ಗೂಟಕ್ಕೆ ಬಿಗಿದು ಕಟ್ಟುತ್ತಾರೆ. ಗಾಳಿಗೆ ಅದು ಗುಂಯ್ ಅನ್ನುತ್ತದೆ. ಚಪ್ಪಟೆ ಪಟ್ಟಿ ಗಾಳಿಯಲ್ಲಿ ತಿರುಚುತ್ತಾ, ಬಿಚ್ಚಿಕೊಳ್ಳುತ್ತಾ ತಾನೇ ಅದುರುತ್ತದೆ, ಆ ಸದ್ದು ಅದು. ರೀಲು ಪ್ಲಾಸ್ಟಿಕ್. ನಿಮಗೆ ಬೇಡ. ಅದರ ಬದಲಿಗೆ ಬಿದಿರಿನ ಹೊರ ಸಿಪ್ಪೆಯ ತೆಳ್ಳನೆಯ ಸೀಳು ಅಥವಾ ತಾಳೆಗರಿಯ ಪಟ್ಟಿ ಹಾಕಿ. ಮಲೇಶಿಯಾದ ದೊಡ್ಡ ಗಾಳಿಪಟಗಳ ತಲೆಯ ಮೇಲೆ ಇಂಥದ್ದೇ ಬಿಲ್ಲು ಕಟ್ಟುತ್ತಾರೆ. ಪಟ ಮೇಲೇರಿದಾಗ ಅದು ಗುನುಗುತ್ತದೆ. ಕಾಂಬೋಡಿಯಾದಲ್ಲೂ ಹಾಡುವ ಗಾಳಿಪಟಗಳಿವೆ. ನೆಲದ ಮೇಲಿನ ಕಂಬಕ್ಕೆ ಆ ಬಿಲ್ಲನ್ನು ಏರಿಸಿದರೆ ಅದೇ ನಿಮ್ಮ ಮೊದಲ ಶಿಲ್ಪ.

ಮಾಡುವುದು ಹೀಗೆ. ಒಂದೂಕಾಲು ಮೀಟರ್ ಉದ್ದದ ಬಿದಿರಿನ ದಬ್ಬೆ ಬಗ್ಗಿಸಿ ಬಿಲ್ಲು ಮಾಡಿ. ಒಂದು ಸೆಂಟಿಮೀಟರ್ ಅಗಲದ ಸೀಳನ್ನು ಅರ್ಧ ಮಿಲಿಮೀಟರಿಗಿಂತ ತೆಳ್ಳಗೆ ಹೆರೆಯಿರಿ. ಅದನ್ನು ಬಿಲ್ಲಿನ ಎರಡು ತುದಿಗೆ ನಾರಿನಿಂದ ಬಿಗಿಯಿರಿ. ಸೀಳಿನ ಅಂಚು ಗಾಳಿಯ ಕಡೆಗೆ ಬರಬೇಕು, ಅಗಲದ ಮುಖ ಅಲ್ಲ. ಬಿಗಿತವನ್ನು ಬೆರಳಿಂದ ಮೀಟಿ ನೋಡಿ ಹೆಚ್ಚುಕಡಿಮೆ ಮಾಡಿ. ಸಡಿಲವಾದರೆ ಪಟಪಟ ಅನ್ನುತ್ತದೆ. ತೀರಾ ಬಿಗಿಯಾದರೆ ಮೆಲುಗಾಳಿಗೆ ಸುಮ್ಮನೆ ಇರುತ್ತದೆ. ಬಿಲ್ಲಿನ ಬೆನ್ನಿಗೆ ಒಂದು ಒಣ ಸೋರೆ ಬುರುಡೆ ಕಟ್ಟಿದರೆ ದನಿ ತುಂಬಿಕೊಳ್ಳುತ್ತದೆ. ತತ್ವಪದ ಹಾಡುವವರ ಏಕತಾರಿಯಲ್ಲಿ ಬುರುಡೆ ಮಾಡುವ ಕೆಲಸವೇ ಇಲ್ಲೂ. ಬಿಲ್ಲನ್ನು ತಿರುಗುವ ಗೂಟದ ಮೇಲೆ ಕೂರಿಸಿ, ಹಿಂದೆ ಅಡಿಕೆ ಹಾಳೆಯ ಬಾಲ ಕೊಟ್ಟರೆ ಗಾಳಿ ಬಂದ ಕಡೆಗೆ ತಾನೇ ತಿರುಗುತ್ತದೆ.

ಹುರಿಯಂಥ ದುಂಡನೆಯ ಎಳೆಯ ಕತೆ ಬೇರೆ. ಗಾಳಿ ಎಳೆಯನ್ನು ದಾಟುವಾಗ ಅದರ ಹಿಂದೆ ಸಣ್ಣ ಸುಳಿಗಳು ಹುಟ್ಟುತ್ತವೆ. ಒಂದು ಎಡಕ್ಕೆ, ಒಂದು ಬಲಕ್ಕೆ, ಮತ್ತೆ ಎಡಕ್ಕೆ. ಸೆಕೆಂಡಿಗೆ ಎಷ್ಟು ಸುಳಿ ಅನ್ನುವುದನ್ನು ವಿನ್ಸೆಂಟ್ಸ್ ಸ್ಟ್ರೌಹಾಲ್ ಎಂಬ ಚೆಕ್ ವಿಜ್ಞಾನಿ 1878ರಲ್ಲಿ ಅಳೆದು ತೋರಿಸಿದರು. ಗಾಳಿಯ ವೇಗವನ್ನು ಎಳೆಯ ದಪ್ಪದಿಂದ ಭಾಗಿಸಿ, ಅದರ ಐದನೇ ಒಂದು ಪಾಲು ತೊಗೊಂಡರೆ ಸುಮಾರಾಗಿ ಅದೇ ಉತ್ತರ. 5 ಮೀಟರ್ ಗಾಳಿಗೆ 1 ಮಿಲಿಮೀಟರ್ ಎಳೆ 1,000 ಹರ್ಟ್ಸ್, ಅಂದರೆ ಸೆಕೆಂಡಿಗೆ 1,000 ಅದುರಾಟದ ಸದ್ದು ಕೊಡುತ್ತದೆ. 2 ಮಿಲಿಮೀಟರ್ ಎಳೆ 500. ಎಳೆ ದಪ್ಪವಾದಷ್ಟೂ ಸ್ವರ ಕೆಳಗೆ. ಗಾಳಿ ಏರಿದಷ್ಟೂ ಸ್ವರ ಮೇಲೆ. ಈ ಸುಳಿಗಳ ಓಟ ಎಳೆಯ ಸ್ವಂತ ಸ್ವರಗಳಲ್ಲಿ ಒಂದಕ್ಕೆ ಹೊಂದಿಕೊಂಡಾಗ ಎಳೆ ಪೂರ್ತಿ ಅದುರಲು ಶುರು ಮಾಡುತ್ತದೆ. ಅಚ್ಚರಿ ಏನೆಂದರೆ ಅದು ಗಾಳಿ ಹೋಗುವ ದಿಕ್ಕಿಗೆ ಅದುರುವುದಿಲ್ಲ, ಅಡ್ಡಕ್ಕೆ ಅದುರುತ್ತದೆ. ಯುರೋಪಿನಲ್ಲಿ ಅಥನಾಸಿಯಸ್ ಕಿರ್ಷರ್ 1650ರಲ್ಲೇ ಇಂಥ ಗಾಳಿವೀಣೆಯನ್ನು ವಿವರಿಸಿದ್ದರು. ಅಲ್ಲಿ ಕರುಳಿನ ತಂತಿ ಬಳಸುತ್ತಿದ್ದರು. ನೀವು ರೇಷ್ಮೆಯ ಹೊಸೆದ ಹುರಿ ಬಳಸಬಹುದು. ಹತ್ತಿ ಹುರಿ ಬೇಡ. ಅದು ಮೆತ್ತಗೆ, ಸದ್ದನ್ನು ತಾನೇ ಹೀರುತ್ತದೆ.

ಶಾಲೆಗೆ ಮಾತ್ರ ನಾನು ಪಟ್ಟಿಯ ಬಿಲ್ಲನ್ನೇ ಹೇಳುವೆ. ಮಕ್ಕಳ ಕೈಗೆ ಬೇಗ ಒಲಿಯುತ್ತದೆ.

ಊದುವ ಬಗೆಯಲ್ಲಿ ಎಲ್ಲಕ್ಕಿಂತ ಚೆಂದದ್ದು ಬಾಲಿ ದ್ವೀಪದ ಸುನಾರಿ. ಒಂದು ಎತ್ತರದ ಬಿದಿರಿನ ಗಳವನ್ನು ಹಾಗೇ ನಿಲ್ಲಿಸಿ, ಗಿಣ್ಣು ಗಿಣ್ಣಿನ ನಡುವೆ ಒಂದೊಂದು ಕಿಂಡಿ ಕೊರೆಯುತ್ತಾರೆ. ಗಿಣ್ಣಿನೊಳಗೆ ಪರದೆ ಇರುತ್ತದಲ್ವಾ? ಹಾಗಾಗಿ ಒಂದೊಂದು ಭಾಗವೂ ಬೇರೆ ಬೇರೆ ಕೋಣೆ, ಬೇರೆ ಬೇರೆ ಸ್ವರ. ಗದ್ದೆಯಲ್ಲೂ ಗುಡಿಯ ಹಬ್ಬದಲ್ಲೂ ಅವನ್ನು ನಿಲ್ಲಿಸುತ್ತಾರೆ. ಒಂದೇ ಗಳ, ಮೊಳೆ ಇಲ್ಲ, ಅಂಟು ಇಲ್ಲ. ನಮ್ಮಲ್ಲೂ ಹುಳ ಕೊರೆದ ಬಿದಿರು ಮೆಳೆಯಲ್ಲಿ ನಿಂತೇ ಸಿಳ್ಳೆ ಹಾಕುವುದನ್ನು ಕೇಳಿದವರಿದ್ದಾರೆ. ಸುನಾರಿ ಅದನ್ನೇ ಬೇಕಂತ ಮಾಡಿದ್ದು.

ಕಿಂಡಿ ಕೊರೆಯುವುದರಲ್ಲೇ ಇದರ ಗುಟ್ಟಿದೆ. ಗಾಳಿ ಕಿಂಡಿಯ ಒಂದು ಅಂಚನ್ನು ದಾಟಿ ಎದುರಿನ ಅಂಚಿಗೆ ಬಡಿಯಬೇಕು. ಎದುರಿನ ಅಂಚು ಚೂಪಾಗಿರಬೇಕು. ಮೊಂಡಾಗಿದ್ದರೆ ಬರೀ ಉಸಿರಿನ ಸದ್ದು. ಕಿಂಡಿ ಗಾಳಿಗೆ ನೇರ ಮುಖ ಮಾಡಿದರೂ ನುಡಿಯುವುದಿಲ್ಲ, ಸ್ವಲ್ಪ ಓರೆ ಇರಬೇಕು. ಕಂಬ ನೆಡುವ ಮೊದಲು ಪ್ರತಿ ಕಿಂಡಿಗೂ ಬಾಯಿಂದ ಅಡ್ಡಲಾಗಿ ಊದಿ ನೋಡಿ. ಬಾಯಿಗೆ ನುಡಿಯದ್ದು ಗಾಳಿಗೂ ನುಡಿಯುವುದಿಲ್ಲ. ಒಂದು ಕಡೆ ಮುಚ್ಚಿ, ಬಾಯಿ ತೆರೆದ ಉದ್ದ ಕೊಳವೆ ಮಾಡುವುದಾದರೆ ಲೆಕ್ಕ ಸುಲಭ. 35 ಸೆಂಟಿಮೀಟರ್ ಕೊಳವೆ ನಮ್ಮ ಬೇಸಿಗೆಯ ಗಾಳಿಯಲ್ಲಿ ಸುಮಾರು 250 ಹರ್ಟ್ಸ್ ಕೊಡುತ್ತದೆ. ಇಲ್ಲಿ ಉದ್ದ ಅರ್ಧವಾದರೆ ಒಂದೇ ಸಪ್ತಕ ಏರುತ್ತದೆ. ಮೇಲಿನ ತಟ್ಟುವ ಬಿದಿರಿನ ಲೆಕ್ಕದೊಂದಿಗೆ ಇದನ್ನು ಬೆರೆಸಬೇಡಿ.

ಎಲ್ಲ ಕೊಳವೆಯೂ ನುಡಿಯಲೇಬೇಕು ಅಂತ ಹಠ ಬೇಡ. ಇಂಗ್ಲೆಂಡಿನ ಬರ್ನ್‌ಲಿ ಊರಿನ ಮೇಲಿನ ದಿನ್ನೆಯಲ್ಲಿ ಟೊಂಕಿನ್ ಲಿಯು ಎಂಬ ವಾಸ್ತುಶಿಲ್ಪಿ ಸಂಸ್ಥೆ 2006ರಲ್ಲಿ ಕೊಳವೆಗಳ ಒಂದು ಹಾಡುವ ಮರ ನಿಲ್ಲಿಸಿತು. ಎತ್ತರ ಸುಮಾರು 3 ಮೀಟರ್. ಅದು ಉಕ್ಕಿನದ್ದು, ನಿಮ್ಮ ದಾರಿ ಅಲ್ಲ. ಆದರೆ ಅದರಲ್ಲೂ ಕೆಲವು ಕೊಳವೆ ಮಾತ್ರ ನುಡಿಯುತ್ತವೆ. ಉಳಿದವು ಆಧಾರಕ್ಕೆ, ರೂಪಕ್ಕೆ. ಗಾಳಿಗೆ ತೋರುವ ಮೈ ಎಷ್ಟಿರಬೇಕು, ನುಡಿಯುವ ಬಾಯಿ ಎಷ್ಟಿರಬೇಕು ಅನ್ನುವುದು ಬೇರೆ ಬೇರೆ ತೀರ್ಮಾನ.

ಬುರುಡೆಯನ್ನು ಬರೀ ಬಿಲ್ಲಿಗೆ ಕಟ್ಟಿ ಮುಗಿಸಬೇಡಿ. ಅದು ತಾನೇ ನುಡಿಯಬಲ್ಲದು. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಬರುವ ದನಿಯ ವಿದ್ಯೆಯೇ ಇದಕ್ಕೂ. 3 ಲೀಟರ್ ನೀರು ಹಿಡಿಯುವ ಬುರುಡೆಗೆ 3 ಸೆಂಟಿಮೀಟರ್ ಅಗಲದ ತೂತು ಕೊರೆದರೆ ಸುಮಾರು 150 ಹರ್ಟ್ಸ್ ದನಿ ಬರುತ್ತದೆ. ನಮ್ಮ ಗಂಡು ಗಾಯಕರು ಹಿಡಿಯುವ ಷಡ್ಜಕ್ಕೆ, ಅಂದರೆ ಸಾಗೆ, ಅದು ಹತ್ತಿರ. ತೂತು ದೊಡ್ಡದಾದರೆ ಸ್ವರ ಏರುತ್ತದೆ, ಬುರುಡೆ ದೊಡ್ಡದಾದರೆ ಇಳಿಯುತ್ತದೆ. ತೂತನ್ನು ಚಿಕ್ಕದಾಗಿ ಶುರು ಮಾಡಿ, ಹಾರ್ಮೋನಿಯಂ ಸಾ ಒತ್ತಿ ಹಿಡಿದು, ಕೇಳುತ್ತಾ ಕೇಳುತ್ತಾ ಹಿಗ್ಗಿಸಿ. ಬುರುಡೆಗೆ ಮಳೆ ಆಗದು. ನೆನೆದರೆ ಬೂಷ್ಟು ಹಿಡಿದು ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಮಾಡಿನ ಕೆಳಗೆ ಇರಲಿ.

ಕಲ್ಲಿನ ಬಗ್ಗೆ ನಿಮ್ಮ ಆಸೆ ನನಗೆ ಇನ್ನೂ ಖುಷಿ ಕೊಟ್ಟಿತು. ನುಡಿಯುವ ಕಲ್ಲು ನಮ್ಮ ಸೀಮೆಗೆ ಹೊಸದಲ್ಲ. ಬಳ್ಳಾರಿ ಹತ್ತಿರ ಸಂಗನಕಲ್ಲು–ಕುಪ್ಪಗಲ್ಲಿನ ಹಿರೇಗುಡ್ಡದಲ್ಲಿ ಕರಿಬಂಡೆಗಳಿವೆ. ಅವುಗಳ ಮೇಲೆ ತಟ್ಟಿ ತಟ್ಟಿ ಆದ ಕುಳಿಗಳಿವೆ. ಹೊಸ ಶಿಲಾಯುಗದ ಜನ ನೆಲೆಸಿದ್ದ ಜಾಗ ಅದು. ಆ ಕುಳಿಗಳಲ್ಲಿ ಕಲ್ಲಿನಿಂದ ತಟ್ಟಿದರೆ ಇವತ್ತಿಗೂ ಗಂಟೆಯ ನಾದ ಬರುತ್ತದೆ.

ಯಾವ ಕಲ್ಲು ಅನ್ನುವುದು ಮುಖ್ಯ. ಲಕ್ಕುಂಡಿಯ ಗುಡಿಗಳನ್ನು ಕೆತ್ತಿದ ಬಳಪದ ಕಲ್ಲು ಮೃದು. ಉಳಿಗೆ ಚೆನ್ನಾಗಿ ಒಗ್ಗಿತು, ಅದಕ್ಕೇ ಅಂಥ ಕುಸುರಿ ಸಾಧ್ಯವಾಯಿತು. ನಿಮಗೆ ಬೇಕಾದದ್ದು ಒತ್ತಾದ, ಬಿರುಕಿಲ್ಲದ ಕಲ್ಲು. ಸುಲಭದ ದಾರಿ ಫರಸಿ ಅಂಗಡಿ. ಶಹಾಬಾದಿ ಫರಸಿಯ ಒಡೆದ ಚೂರುಗಳು ಅಲ್ಲಿ ಬಿದ್ದಿರುತ್ತವೆ. ಮೊಣಕೈ ಉದ್ದದ ಪಟ್ಟಿಗಳಾಗಿ ಕೊಯ್ಸಿಕೊಳ್ಳಿ. ತೊಗೊಳ್ಳುವ ಮೊದಲು ಅದೇ ಎರಡು ಹಗ್ಗದ ಪರೀಕ್ಷೆ ಮಾಡಿ. ಒಳಗೆ ಬಿರುಕಿದ್ದರೆ ದಬ್ ಅನ್ನುತ್ತದೆ. ಬಿರುಕಿಲ್ಲದಿದ್ದರೆ ಟಣ್ ಅಂತ ಎಳೆಯುತ್ತದೆ. ಹಳೆಯ ಗುಡಿ, ಹಾಳು ಬಿದ್ದ ಕಟ್ಟೆಗಳಿಂದ ಒಂದು ಚೂರೂ ತರಬೇಡಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿಂದ ಕಲ್ಲೂ ಬೇಡ, ಬಿದಿರೂ ಬೇಡ.

ಕಲ್ಲನ್ನು ತೂಗುಹಾಕಬೇಡಿ. ಮಂಡಿಯ ಎತ್ತರಕ್ಕೆ ಎರಡು ದಪ್ಪ ಹಗ್ಗದ ಮೇಲೆ ಮಲಗಿಸಿ. ಮೇಲಿಂದ ಕಟ್ಟಿಗೆಯ ಬಡಿಗೆ, ಅದಕ್ಕೆ ದೊಡ್ಡ ಪಟ. ಕಲ್ಲು ಕೆಳಗಿದ್ದರೆ ಹುರಿ ಹರಿದರೂ ಮಗುವಿನ ಮೇಲೆ ಬೀಳುವ ಭಯ ಇಲ್ಲ. ಎಂದಾದರೂ ಕಲ್ಲನ್ನು ಎತ್ತರಕ್ಕೆ ಕಟ್ಟಲೇಬೇಕಾದರೆ ಅಲ್ಲಿ ಮಾತ್ರ ನಾರಿನ ಹಟ ಬಿಟ್ಟು ಉಕ್ಕಿನ ಹಗ್ಗ ಹಾಕಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಚಿಕ್ಕ ತರಗತಿಯ ಮಕ್ಕಳಿಗೆ ಒಣ ಕಾಯಿಗಳಿವೆ. ಬಾಗೆ ಮರದ ಕಾಯಿ ಒಣಗಿ ಕೊಂಬೆಯಲ್ಲೇ ಗಿಲಿಗಿಲಿ ಅನ್ನುತ್ತದೆ. ಗುಲ್‌ಮೊಹರ್ ಕಾಯಿ, ಸಣಬಿನ ಕಾಯಿ ಕೂಡ ಆಗುತ್ತವೆ. ಆರಿಸಿ ತಂದು ಹಗ್ಗಕ್ಕೆ ಪೋಣಿಸಿದರೆ ಸಾಕು. ಇವು ಅತಿ ಮೆಲುಗಾಳಿಗೂ ಓಗೊಡುತ್ತವೆ.

ಎಲ್ಲಿ ನಿಲ್ಲಿಸಬೇಕು? ಶಾಲೆಯ ಕಟ್ಟಡದ ಮರೆಯಲ್ಲಿ ಗಾಳಿ ಸುತ್ತು ಹೊಡೆಯುತ್ತದೆ. ತಟ್ಟುವ ಬಗೆಯವು ಅಲ್ಲಿರಲಿ. ಬಿಲ್ಲು, ಕೊಳವೆಗಳಿಗೆ ಪಡುವಣ ಕಡೆ ತೆರೆದ ಜಾಗ ಕೊಡಿ. ನೆಲದ ಹತ್ತಿರ ಗಾಳಿ ನಿಧಾನ, ಮೇಲೆ ಹೋದಷ್ಟೂ ಜೋರು. ಗುಡ್ಡದ ಮೇಲಿನ ದೊಡ್ಡ ಯಂತ್ರಗಳು ಸಾಮಾನ್ಯವಾಗಿ ಸೆಕೆಂಡಿಗೆ 3–4 ಮೀಟರ್ ಗಾಳಿಗೆ ತಿರುಗಲು ಶುರು ಮಾಡುತ್ತವೆ. ಆದರೆ ಆ ಗಾಳಿ ಗುಡ್ಡದ ಮೇಲಿನದು, ಅದೂ ಬಹಳ ಎತ್ತರದ್ದು. ಅವು ತಿರುಗುತ್ತಿದ್ದರೂ ನಿಮ್ಮ ಬಿಲ್ಲು ಸುಮ್ಮನಿರಬಹುದು. ಕಂಬವನ್ನು ಎರಡು ಆಳು ಎತ್ತರಕ್ಕೆ ಏರಿಸಿ. ಹಗ್ಗ ಬಿಚ್ಚಿದರೆ ಬಿಲ್ಲು ಕೆಳಗೆ ಬರುವಂತೆ, ಬಾವುಟ ಏರಿಸುವ ಹಾಗೆ ಗಾಲಿ ಇಟ್ಟುಕೊಳ್ಳಿ.

ಸೀಳಿದ ಎರಡು ತುಂಡುಗಳ ವಿಷಯ. ನಿಮ್ಮ ಕಡೆ ಮಾರ್ಚ್, ಏಪ್ರಿಲ್ ಗಾಳಿ ಒಣ. ಬಿದಿರಿನ ಹೊರಮೈ, ಒಳಮೈ ಒಂದೇ ಸಮ ಕುಗ್ಗುವುದಿಲ್ಲ, ಹಾಗಾಗಿ ಸೀಳುತ್ತದೆ. ಎಳೆ ಬಿದಿರು ಇನ್ನೂ ಬೇಗ. ಮೂರು ನಾಲ್ಕು ವರ್ಷ ಬಲಿತದ್ದನ್ನು ಮಳೆಗಾಲ ಮುಗಿದ ಮೇಲೆ ಕಡಿಸಿ. ಕೆಲವು ವಾರ ಹರಿಯುವ ನೀರಿನಲ್ಲೋ ಕೆರೆಯಲ್ಲೋ ಮುಳುಗಿಸಿಟ್ಟರೆ ಒಳಗಿನ ಪಿಷ್ಟ ತೊಳೆದು ಹೋಗುತ್ತದೆ. ಕುಟ್ಟೆ ಹುಳ ಬರುವುದು ಆ ಪಿಷ್ಟಕ್ಕೇ. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬೆರೆಸಿದ ನೀರೂ ಹುಳ ತಡೆಯುತ್ತದೆ. ಆದರೆ ಮಳೆಗೆ ಅದು ತೊಳೆದು ಹೋಗುತ್ತದೆ, ಮಾಡಿನ ಕೆಳಗಿನ ತುಂಡುಗಳಿಗಷ್ಟೇ ಲಾಭ. ಒಣಗಿದ ಮೇಲೆ ಕಾಯಿಸಿದ ಅಗಸೆ ಎಣ್ಣೆ ತೆಳ್ಳಗೆ ಬಳಿಯಿರಿ. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಅರಿವೆಗೆ ತಾನೇ ಬೆಂಕಿ ಹತ್ತಬಹುದು. ಬಿಸಿಲಲ್ಲಿ ಹರವಿ ಒಣಗಿಸಿ. ಎರಡೂ ತುದಿಗೆ ಬಿಗಿಯಾಗಿ ನಾರಿನ ಸುತ್ತು ಹಾಕಿದರೆ ಸೀಳುವುದು ಬಹಳ ಮಟ್ಟಿಗೆ ನಿಲ್ಲುತ್ತದೆ.

ಹೊಲದ ಬದುವಿನ ಬಿದಿರು ಕಡಿಯಲು ಹೆದರಬೇಡಿ. 2017ರ ತಿದ್ದುಪಡಿಯಲ್ಲಿ ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಕೇಂದ್ರದ ಅರಣ್ಯ ಕಾಯ್ದೆಯ ‘ಮರ’ದ ವ್ಯಾಖ್ಯೆಯಿಂದ ತೆಗೆದಿದ್ದಾರೆ. ಇನ್ನೂ ಒಳ್ಳೆಯದು ಮೇದಾರರಿಂದಲೇ ಕೊಳ್ಳುವುದು. ಯಾವ ಗಳ ಬಲಿತದ್ದು, ಯಾವುದು ಸೀಳುತ್ತದೆ ಅಂತ ಅವರು ಬೆರಳಿಂದ ತಟ್ಟಿಯೇ ಹೇಳುತ್ತಾರೆ. ಒಬ್ಬರನ್ನು ಶಾಲೆಗೆ ಕರೆಸಿ, ಅವರ ದಿನಗೂಲಿ ಕೊಟ್ಟು, ಸೀಳು ತೆಗೆಯುವುದನ್ನು ಮಕ್ಕಳಿಗೆ ಕಲಿಸಲು ಕೇಳಿ. ನನ್ನ ಎಲ್ಲ ಲೆಕ್ಕಗಳಿಗಿಂತ ಆ ಒಂದು ಮಧ್ಯಾಹ್ನ ಹೆಚ್ಚು ಕಲಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಬಯಲಿನಲ್ಲಿ ನಿಂತ ಬಿದಿರು ಬಹುಕಾಲ ಬಾಳುವುದಿಲ್ಲ. ನೆಲದಲ್ಲಿ ಹೂತ ಭಾಗ ಒಂದರಿಂದ ಮೂರು ವರ್ಷದಲ್ಲಿ ಕೊಳೆಯುತ್ತದೆ. ಗಳವನ್ನು ಮಣ್ಣಿಗೆ ಹೂಳದೆ ಕಲ್ಲಿನ ಗೂಟಕ್ಕೆ ಕಟ್ಟಿ ನಿಲ್ಲಿಸಿ. ಎಲ್ಲಕ್ಕಿಂತ ಮೊದಲು ಹೋಗುವುದು ಹುರಿ. ಸಣಬಿನ ಹುರಿಗೆ ಜೇನುಮೇಣ ಉಜ್ಜಿ. ತೂತಿನ ಅಂಚನ್ನು ಕಾದ ಸಲಾಕೆಯಿಂದ ನುಣುಪು ಮಾಡಿ, ಆ ಕೆಲಸ ನೀವೇ ಮಾಡಿ. ಪ್ರತಿ ವರ್ಷ ಮುಂಗಾರಿಗೆ ಮೊದಲು ಎಲ್ಲ ಹುರಿ ಬದಲಿಸುವುದನ್ನು ಶಾಲೆ ಶುರುವಾಗುವ ವಾರದ ಕೆಲಸವಾಗಿ ಇಟ್ಟುಕೊಳ್ಳಿ. ಪ್ರತಿ ವರ್ಷ ಹೊಸ ತರಗತಿಗೆ ಕಟ್ಟುವ ಕೆಲಸ ಸಿಗುತ್ತದೆ. ಹಾಗಾಗಿ ಬೇಗ ಹಳತಾಗುವುದನ್ನು ನಾನು ಕೊರತೆ ಅಂತ ಎಣಿಸುವುದಿಲ್ಲ.

ಕೊನೆಗೆ ನೆರೆಮನೆಯವರು. ಇದು ಸಣ್ಣ ವಿಷಯ ಅಲ್ಲ. ಹಗಲು ಮೂರು ಗಂಟೆಗೆ ಚೆಂದ ಅನಿಸಿದ ದನಿ ರಾತ್ರಿ ಮೂರಕ್ಕೆ ನಿದ್ದೆ ಕೆಡಿಸುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಜನವಸತಿ ಇರುವ ಕಡೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ ಇದೆ. ಆದರೆ ಮಿತಿಯೊಳಗೆ ಇದ್ದೂ ಕಿರಿಕಿರಿ ಆಗಬಹುದು. ಹಾಗಾಗಿ ಪ್ರತಿ ಶಿಲ್ಪಕ್ಕೂ ಅದನ್ನು ಸುಮ್ಮನಾಗಿಸುವ ದಾರಿ ಇರಲಿ. ಬಡಿಗೆಯ ಪಟವನ್ನು ಕಂಬಕ್ಕೆ ಸಿಕ್ಕಿಸುವ ಒಂದು ಕೊಕ್ಕೆ, ಬಿಲ್ಲನ್ನು ಇಳಿಸುವ ಒಂದು ಹಗ್ಗ, ಕೊಳವೆಯ ಬಾಯಿಗೆ ಒಂದು ಬೆಂಡಿನ ಬಿರಡೆ. ಸಂಜೆ ಗಂಟೆ ಬಾರಿಸಿದ ಮೇಲೆ ಇವನ್ನು ಕಟ್ಟಿ ಹೋಗುವ ಪಾಳಿ ಮಕ್ಕಳಿಗೇ ಹಂಚಿ. ಕಂಬ ನೆಡುವ ಮೊದಲು ಪಕ್ಕದ ಮನೆಯ ಹಿರಿಯರನ್ನು ಕರೆದು ಒಂದನ್ನು ಕೇಳಿಸಿ, ಅವರ ಮಾತು ಕೇಳಿ.

ಈ ವರ್ಷಕ್ಕೆ ಒಂದು ಬಿಲ್ಲು, ಮೂರು ಬಿದಿರು, ಒಂದು ಫರಸಿ ಕಲ್ಲು ಸಾಕು. ಹಳೆಯ ಎಂಟರಲ್ಲಿ ಸೀಳದೆ ಉಳಿದ ಆರು ತುಂಡುಗಳನ್ನು ಬಿಸಾಡಬೇಡಿ. ತುದಿಯ ಹುರಿ ಬಿಚ್ಚಿ, ಒಳಗೆ ಸರಿಸಿ ಕಟ್ಟಿ. ಅವುಗಳಲ್ಲೇ ಸಾ ಮತ್ತು ಪ ಸಿಕ್ಕರೂ ಸಿಗಬಹುದು.